ತಾಳ ತಪ್ಪಿದ ಕತ್ತರಿ

ಕ್ಷೌರಿಕನ ಕೈಗೆ ಒಂದು ವಿಚಿತ್ರ ಚಾಳಿಯಿತ್ತು. ಅಂಗಡಿಯಲ್ಲಿ ಯಾವ ಹಾಡು ಹಾಕಿದರೂ ಕತ್ತರಿ ಅದರ ತಾಳಕ್ಕೇ ಆಡುತ್ತಿತ್ತು. ಹಳೆಯ ಸಿನಿಮಾ ಹಾಡುಗಳು ಇರುವವರೆಗೆ ಯಾರ ತಲೆಗೂ ಅಪಾಯ ಬಂದಿರಲಿಲ್ಲ.

ಆ ದಿನ ಕಟ್ಟಡದ ಯಜಮಾನರು ಕ್ಷೌರಕ್ಕೆ ಬರುವವರಿದ್ದರು. ಅಂಗಡಿಯ ಕರಾರು ಮುಗಿದಿತ್ತು. ಇನ್ನೊಂದು ವರ್ಷ ಇರುವುದೋ, ಗಂಟುಮೂಟೆ ಕಟ್ಟುವುದೋ ಅವರ ಬಾಯಲ್ಲಿತ್ತು. ಆ ಬಾಯಿಯ ಮೇಲಿನ ಪೊದೆಮೀಸೆ ಕಂಡರೇ ಬಾಡಿಗೆದಾರರಿಗೆಲ್ಲ ನಡುಕ.

"ದೊಡ್ಡೋರು ಬರ್ತಾರೆ, ಸಿನಿಮಾ ಹಾಡು ಹಾಕ್ಬೇಡ," ಎಂದು ಅದೇ ಕಟ್ಟಡದ ಪಕ್ಕದಂಗಡಿಯ ದರ್ಜಿ ಒಂದು ಹಳೆಯ ರೆಕಾರ್ಡ್ ತಂದುಕೊಟ್ಟ. ಹೊದಿಕೆಯ ಮೇಲೆ ಕೋಟು ತೊಟ್ಟ ಮೀನೊಂದು ಆಕಾಶದಲ್ಲಿ ಹಾರುತ್ತಿತ್ತು. "ನಮ್ಮ ಭಾವನ ಅಟ್ಟದಲ್ಲಿ ಸಿಕ್ತು. ಪ್ರೊಗ್ರೆಸಿವ್ ರಾಕ್ ಅನ್ನೋ ಇಂಗ್ಲಿಷ್ ಸಂಗೀತವಂತೆ, ಜಾಝ್ ಬೇರೆ ಬೆರೆಸಿದಾರಂತೆ. ತಿಳಿದೋರೆಲ್ಲ ತಲೆದೂಗ್ತಾರಂತೆ!"

"ತಲೆದೂಗಿದ್ರೆ ನಾನು ಕೂದಲು ಕತ್ತರಿಸೋದು ಹೆಂಗಯ್ಯ?"

ಆದರೂ ಯಜಮಾನರು ಬಂದು ಕುರ್ಚಿಯಲ್ಲಿ ಕೂತಾಗ ಅದನ್ನೇ ಹಾಕಿದ. ಮೊದಲಿಗೆ ಮೆಲುವಾದ ಪಿಯಾನೊ. ಯಜಮಾನರು ಕಣ್ಣು ಮುಚ್ಚಿದರು. ನಾಲ್ಕು ನಾಲ್ಕಾಗಿ ನಡೆದ ತಾಳಕ್ಕೆ ತಲೆಗೂದಲು ಅಚ್ಚುಕಟ್ಟಾಗಿ ಉದುರಿತು. ಕತ್ತರಿ ಮೀಸೆಗೆ ಬರುವ ಹೊತ್ತಿಗೆ ಸರಿಯಾಗಿ ತಾಳ ನಾಲ್ಕರಿಂದ ಏಳಕ್ಕೆ ಜಿಗಿಯಿತು. ಬಾಲ ತುಳಿಸಿಕೊಂಡ ಬೆಕ್ಕಿನಂತೆ ಸ್ಯಾಕ್ಸೊಫೋನ್ ಚೀರಿತು. ಮೀಸೆಯ ಎಡಭಾಗ ಬಿಳಿ ಬಟ್ಟೆಯ ಮೇಲೆ ಬಂದು ಬಿತ್ತು.

ಬಾಗಿಲಲ್ಲಿ ಇಣುಕಿದ ದರ್ಜಿ ಪಿಸುಗುಟ್ಟಿದ, "ಆ ಕಡೇನೂ ಸ್ವಲ್ಪ ತೆಗಿ, ಸಮ ಆಗುತ್ತೆ!"

"ಮೊದ್ಲು ಹಾಡು ನಿಲ್ಸು!"

"ನಿಲ್ಸಿದ್ರೆ ಕಣ್ಣು ಬಿಡ್ತಾರೆ ಕಣೋ!"

ಹಾಡೋ, ರೆಕಾರ್ಡಿನ ಇಡೀ ಮಗ್ಗುಲು ಒಂದೇ ಹಾಡು. ತಾಳ ಐದಾಯಿತು, ಹನ್ನೊಂದಾಯಿತು, ಎಣಿಕೆಗೇ ಸಿಗದಂತಾಯಿತು. ಯಜಮಾನರು ನಿಜವಾಗಿಯೂ ತಲೆದೂಗತೊಡಗಿದರು. ಬಲಕ್ಕೆ ಹೆಚ್ಚಾಯಿತೆಂದು ಎಡಕ್ಕೆ, ಎಡಕ್ಕೆ ಹೆಚ್ಚಾಯಿತೆಂದು ಬಲಕ್ಕೆ ಕತ್ತರಿ ಓಡಾಡಿ, ಹಾಡು ಮುಗಿಯುವಾಗ ಮೇಲ್ದುಟಿ ಸಾರಿಸಿದ ಅಂಗಳದಂತೆ ಬೋಳಾಗಿತ್ತು. ದರ್ಜಿ ಆಗಲೇ ತನ್ನ ಹೊಲಿಗೆ ಯಂತ್ರ ಸೇರಿ, ಪ್ರಪಂಚವೇ ಗೊತ್ತಿಲ್ಲದವನಂತೆ ತುಳಿಯುತ್ತಿದ್ದ.

ಯಜಮಾನರು ಕಣ್ಣು ಬಿಟ್ಟರು. ಕನ್ನಡಿ ನೋಡಿದರು. ತುಟಿಯ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿ ಬಂತು.

"ಈ ಮುಖ ನೋಡಿ ಎಷ್ಟು ಕಾಲ ಆಯ್ತಯ್ಯ! ಮದುವೆಗೆ ಮುಂಚೆ ನಾನು ಸ್ಯಾಕ್ಸೊಫೋನ್ ಊದ್ತಿದ್ದೆ. ಗೆಳೆಯರೆಲ್ಲ ಸೇರಿ ಇದೇ ರೆಕಾರ್ಡನ್ನ ಪೂರ್ತಿ ನುಡಿಸ್ತಿದ್ವಿ. ನಮ್ಮ ಮಾವ ಬಂದು, ಮೀಸೆ ಬಿಡು, ವಾದ್ಯ ಬಿಡು ಅಂದ್ರು. ಎರಡೂ ಬಿಟ್ಟೆ."

ಕ್ಷೌರಿಕನಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರೆ ಸ್ವಾಮಿ, ಅಂಗಡಿ ಕರಾರು..."

"ಇವತ್ತೇ ಗೆಳೆಯರಿಗೆಲ್ಲ ಫೋನ್ ಮಾಡ್ತೀನಿ. ಮತ್ತೆ ಶುರು ಮಾಡ್ತೀವಿ!" ಯಜಮಾನರು ಅವನನ್ನು ಬಾಚಿ ತಬ್ಬಿಕೊಂಡರು. "ಅಭ್ಯಾಸಕ್ಕೆ ಜಾಗ ಹುಡುಕೋದೂ ತಪ್ತು. ಈ ಕೋಣೇಲಿ ನಾದ ಎಷ್ಟು ಚೆನ್ನಾಗಿ ತುಂಬುತ್ತೆ ನೋಡು! ನಿನ್ನ ಉಪಕಾರ ಸಾಯೋತನಕ ಮರೆಯಲ್ಲ ಕಣಯ್ಯ. ಈ ವಾರದಲ್ಲೇ ಖಾಲಿ ಮಾಡಿಬಿಡು."

ಬಾಗಿಲವರೆಗೆ ಹೋದವರು ತಿರುಗಿ ನೋಡಿ ಹೇಳಿದರು, "ಪಕ್ಕದ ದರ್ಜಿಗೂ ಹೇಳ್ಬಿಡು. ಡ್ರಮ್ಮಿಗೆ ಜಾಗ ಸಾಲಲ್ಲ."

ಗೋಡೆಯಾಚೆ ಹೊಲಿಗೆ ಯಂತ್ರ ನಿಂತಿತು.