ಮಗಳಿಗೆ ನಾನು ಆರಿಸಿದ ಎಂಟ್ರೆನ್ಸ್ ಪುಸ್ತಕ

ವಿಲ್ಲೇಜ್ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಊರವರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತನಾದವ ನಾನು. ಹಾಗಾಗಿ ಮಗಳು ರೋಶ್ನಿಗೆ ಮೆಡಿಕಲ್ ಎಂಟ್ರೆನ್ಸಿನ ಅಭ್ಯಾಸ ಪುಸ್ತಕ ಆರಿಸುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಅವಳದ್ದು ಅದು ಎರಡನೇ ಪ್ರಯತ್ನ. ಮೊದಲ ಸಲ ಸ್ವಲ್ಪದರಲ್ಲಿ ತಪ್ಪಿತ್ತು. ಆಮೇಲಿಂದ ಹುಡುಗಿ ಮಾತನ್ನೇ ಕಡಿಮೆ ಮಾಡಿದ್ದಳು.

ಹೊರಡುವಾಗ ಒಂದು ಚೀಟಿ ಕೊಟ್ಟಳು. "ಪಪ್ಪಾ, ಈ ಪುಸ್ತಕ ಒಂದೇ ಸಾಕು. ಸಣ್ಣದು ಉಂಟು."

ಸಣ್ಣದು! ಡಾಕ್ಟರಾಗುವವಳಿಗೆ ಸಣ್ಣ ಪುಸ್ತಕವೇ? ಹೊಸಂಗಡಿಯಲ್ಲಿ ಬಸ್ಸು ಹತ್ತಿ ಕಾಸರಗೋಡಿಗೆ ಹೋದೆ. ಅಂಗಡಿಯಲ್ಲಿ ಒಂದೊಂದನ್ನೇ ಕೈಯಲ್ಲಿ ತೂಗಿ ನೋಡಿ, ಎಲ್ಲಕ್ಕಿಂತ ಭಾರವಾದದ್ದನ್ನು ಆರಿಸಿದೆ. ಅದರಲ್ಲಿ ಎರಡು ಭಾಗ. ಎರಡನ್ನೂ ತಂದೆ.

ಪುಸ್ತಕಗಳ ಕೊನೆಯಲ್ಲಿ ಉತ್ತರಗಳಿದ್ದವು. ಉತ್ತರ ಕೈಗೆ ಸಿಗುವಂತಿದ್ದರೆ ಅದೆಂಥ ಪರೀಕ್ಷೆ? ಬ್ಲೇಡು ತೆಗೆದುಕೊಂಡು ಎರಡೂ ಪುಸ್ತಕಗಳಿಂದ ಆ ಹಾಳೆಗಳನ್ನು ಕತ್ತರಿಸಿದೆ. ಪಿನ್ನು ಹಾಕಿ, ಕೆಂಪು ಶಾಯಿಯಲ್ಲಿ 'ಒಂದು', 'ಎರಡು' ಎಂದು ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

"ಅವಳು ಕದ್ದು ನೋಡುವ ಹುಡುಗಿಯಾ?" ಎಂದಳು ನನ್ನ ಹೆಂಡತಿ ಹಿಲ್ಡಾ.

"ನಿಯಮ ಅಂದರೆ ನಿಯಮ," ಎಂದೆ.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ರೋಶ್ನಿ ಒಂದನೇ ಭಾಗದ ಮೊದಲ ಪರೀಕ್ಷೆ ಬರೆದಳು. ಐವತ್ತು ಪ್ರಶ್ನೆ, ಇನ್ನೂರು ಮಾರ್ಕು. ಉತ್ತರ ತಪ್ಪಿದರೆ ಒಂದು ಮಾರ್ಕು ಕಟ್. ನಾನು ಕನ್ನಡಕ ಒರೆಸಿಕೊಂಡು ಮೌಲ್ಯಮಾಪನಕ್ಕೆ ಕುಳಿತೆ. ತಪ್ಪು, ತಪ್ಪು, ಸರಿ, ತಪ್ಪು. ಒಟ್ಟು ಹದಿನೈದು!

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಅರ್ಧ ಗಂಟೆ ಭಾಷಣ ಮಾಡಿದೆ. ಮೊಬೈಲು, ಏಕಾಗ್ರತೆ, ನನ್ನ ಬಾಲ್ಯ ಯಾವುದನ್ನೂ ಬಿಡಲಿಲ್ಲ. ರೋಶ್ನಿ ಎಲ್ಲವನ್ನೂ ಕೇಳಿ, ಮೆಲ್ಲನೆ ಹೇಳಿದಳು: "ಬೇಡ ಪಪ್ಪಾ. ನಾನು ಬಿ.ಕಾಂ. ಸೇರುತ್ತೇನೆ."

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಹಿಲ್ಡಾ ತಟ್ಟೆ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನನಗೂ ಅನ್ನ ಇಳಿಯಲಿಲ್ಲ.

ಸಂಜೆ ಪಕ್ಕದ ಮನೆಯ ಹಮೀದ್ ಮಾಷನ್ನು ಕರೆದೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಹುಡುಗಿಗೆ ನಾಲ್ಕು ಬುದ್ಧಿಮಾತು ಹೇಳಲಿ ಎಂದು ನನ್ನ ಆಸೆ. ಮಾಷ್ ಉತ್ತರಪತ್ರಿಕೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಲಿಗೋರಿಯವರೇ, ಕಿಡ್ನಿಯಲ್ಲಿ ರಕ್ತ ಸೋಸುವುದು ಯಾವುದು ಅಂತ ಪ್ರಶ್ನೆ. ಇವಳು ನೆಫ್ರಾನ್ ಅಂತ ಗುರುತು ಹಾಕಿದ್ದಾಳೆ. ನೀವು ಎಂತಕ್ಕೆ ತಪ್ಪು ಕೊಟ್ಟದ್ದು?"

"ಸರಿಯುತ್ತರ ಡಿ ಮಾಷೇ."

"ಡಿ ಅಂದರೆ ರೆಟಿನಾ. ಕಣ್ಣು ಮಾರಾಯ್ರೇ! ನಿಮ್ಮ ಕಿಡ್ನಿಯಲ್ಲಿ ಕಣ್ಣು ಉಂಟಾ?"

ಉತ್ತರದ ಹಾಳೆ ತರಲು ಹೇಳಿದರು. ಪುಸ್ತಕದ ಪಕ್ಕದಲ್ಲಿಟ್ಟು ಬೆರಳು ತೋರಿಸಿದರು. "ನೋಡಿ. ಒಂದನೇ ಭಾಗ ಮುಗಿಯುವುದು ಮುನ್ನೂರ ಎಂಬತ್ತೆಂಟನೇ ಪುಟಕ್ಕೆ. ನಿಮ್ಮ ಉತ್ತರ ಶುರುವಾಗುವುದು ಐನೂರ ಇಪ್ಪತ್ತೊಂದರಿಂದ."

ಎರಡನೇ ಭಾಗದ ಉತ್ತರಕ್ಕೆ 'ಒಂದು' ಎಂದು ಬರೆದಿದ್ದೆ. ಕೆಂಪು ಶಾಯಿಯಲ್ಲಿ. ಅಡಿಗೆರೆ ಸಮೇತ.

ಮಾಷ್ ಸರಿಯಾದ ಹಾಳೆ ಇಟ್ಟು ಮತ್ತೆ ಎಣಿಸಿದರು. ನಲವತ್ತೊಂದು ಸರಿ, ಒಂಬತ್ತು ತಪ್ಪು. ನೂರ ಐವತ್ತೈದು ಮಾರ್ಕು!

ರೋಶ್ನಿಯ ಕೋಣೆಯ ಬಾಗಿಲು ತಟ್ಟಿದೆ. ತೆರೆದಳು, ಕಣ್ಣು ಕೆಂಪಾಗಿತ್ತು. "ಮಗಾ, ತಪ್ಪಿದ್ದು ನೀನಲ್ಲ, ನಾನು," ಎಂದೆ. ಉತ್ತರಪತ್ರಿಕೆಯನ್ನು ಅವಳ ಮುಂದೆ ಹಿಡಿದೆ. ಅವಳು ಪತ್ರಿಕೆ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಒಂದೊಂದೇ ಉತ್ತರ ನೋಡಿದಳು. ನಗಲಿಲ್ಲ, ಬೈಯಲೂ ಇಲ್ಲ. "ಮಮ್ಮೀ, ಊಟ ಉಂಟಾ?" ಎಂದು ಕೇಳಿದಳು. ಹಿಲ್ಡಾ ಅಡುಗೆಮನೆಗೆ ಓಡಿದಳು.

ಮರುವಾರ ರೋಶ್ನಿ ತನಗೆ ಬೇಕಾದ ಪುಸ್ತಕವನ್ನು ತಾನೇ ತರಲು ಹೊರಟಳು. ಹಮೀದ್ ಮಾಷನ್ನು ಜೊತೆಗೆ ಕರೆದಳು. ನಾನೂ ಬರಬಹುದೆಂದು ಒಪ್ಪಿದಳು, ಆದರೆ ಅಂಗಡಿಯ ಒಳಗಲ್ಲ. ಅವರಿಬ್ಬರೂ ಒಳಗೆ ಹೋದರು. ನಾನು ಅವಳ ಬ್ಯಾಗು, ಮಾಷರ ಕೊಡೆ ಹಿಡಿದು ಹೊರಗೆ ನಿಂತೆ.

ಮಗನಿಗೆ ಪುಸ್ತಕ ಕೊಳ್ಳಲು ಬಂದ ಯಾರೋ ಒಬ್ಬರು ನನ್ನ ನರೆಗೂದಲು ನೋಡಿ ಗೌರವದಿಂದ ಕೇಳಿದರು: "ಸಾರ್, ಎಂಟ್ರೆನ್ಸಿಗೆ ಯಾವ ಪುಸ್ತಕ ಒಳ್ಳೆಯದು?"

"ಒಳಗೆ ನನ್ನ ಮಗಳಿದ್ದಾಳೆ, ಅವಳಲ್ಲಿ ಕೇಳಿ," ಎಂದೆ. "ನಾನು ಬ್ಯಾಗು ಹಿಡಿಯಲಿಕ್ಕೆ ಬಂದದ್ದು."