ನೆರೆ ಇಳಿದ ಮೇಲೆ ಪೊರ್ಬುಗಳ ಬಾವಿ

"ಬಾಟಲಿ ತೊಳೆಯುವವಳು ಕೊನೆಯವರೆಗೂ ಬಾಟಲಿಯೇ ತೊಳೆಯುವುದು" ಎಂದು ಹೇಳಿದ್ದು ಮಣಿಪಾಲದ ಒಂದು ಲ್ಯಾಬಿನ ಸೂಪರ್‌ವೈಸರ್. ಅಲ್ಲಿ ನಾನು ಹದಿನಾಲ್ಕು ವರ್ಷ ಗಾಜಿನ ಸಾಮಾನು ತೊಳೆದೆ. ಶಾಲೆಗೆ ಹೋದದ್ದು ಏಳನೆಯವರೆಗೆ. ಹಳೆಯದಾಯಿತೆಂದು ಅವರು ಬಿಸಾಡಿದ ಪುಸ್ತಕಗಳನ್ನು ಮನೆಗೆ ತಂದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ದಿನಕ್ಕೆ ಅರ್ಧ ಪುಟದ ಹಾಗೆ ಓದಿದೆ. ಕೆಲಸ ಬಿಟ್ಟು ಪರ್ಕಳದಲ್ಲಿ ಒಂದು ಕೋಣೆ ಹಿಡಿದು ನೀರು ಪರೀಕ್ಷೆ ಶುರು ಮಾಡುತ್ತೇನೆ ಎಂದಾಗ ಸೂಪರ್‌ವೈಸರ್ ನಕ್ಕರು. ನನ್ನ ಗಂಡನ ಅಣ್ಣ ನಗಲೂ ಇಲ್ಲ. "ಮೂರು ತಿಂಗಳು" ಎಂದರು, ಅಷ್ಟೇ.

ಮೂರು ತಿಂಗಳು ಕಳೆದು ವರ್ಷಗಳೇ ಆದವು. ಬಾವಿಯ ನೀರು ಸುಳ್ಳು ಹೇಳುವುದಿಲ್ಲ, ಬಾವಿಯ ಯಜಮಾನರ ವಿಷಯ ಬೇರೆ. ಹಾಗಾಗಿ ಪ್ರತಿ ಮಳೆಗಾಲವೂ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಎರಡು ವರ್ಷದ ಹಿಂದಿನ ಒಂದು ವಾರದ್ದು ಹೇಳಿದರೆ ಸಾಕು.

ತೊಳೆದ ಬಾಟಲಿ

ಕಾಪುವಿನ ಹತ್ತಿರ ಒಂದು ಓಣಿಗೆ ನೆರೆ ನುಗ್ಗಿ, ಶೌಚದ ಗುಂಡಿಗಳು ತುಂಬಿ, ಬಾವಿಗಳ ಮೇಲೆಯೇ ನೀರು ಹರಿದಿತ್ತು. ನೆರೆ ಇಳಿದ ಮೇಲೆ, ಸೋಮವಾರ, ಅಲ್ಲಿಯ ಪೊರ್ಬುಗಳು ನನಗೆ ಫೋನ್ ಮಾಡಿದರು. ನಮ್ಮಲ್ಲಿ ಕ್ರಿಶ್ಚಿಯನ್ ಯಜಮಾನರನ್ನು ಪೊರ್ಬುಗಳು, ಅವರ ಮನೆಯ ಹೆಂಗಸರನ್ನು ಬಾಯಮ್ಮ ಎನ್ನುವುದು. ಮದುವೆಯ ಮುನ್ನಾದಿನ ತಲೆಗೆ ತೆಂಗಿನ ಹಾಲು ಹಾಕುವ ಅವರ ಶಾಸ್ತ್ರಕ್ಕೆ ರೋಸ್ ಎಂದು ಹೆಸರು.

"ಶನಿವಾರ ಮಗಳ ರೋಸ್. ಮುನ್ನೂರು ಜನ. ಅಡುಗೆ ಎಲ್ಲ ಬಾವಿ ನೀರಿನಲ್ಲೇ. ಹುಡುಗನಿಗೆ ದುಬೈಯಿಂದ ರಜೆ ಸಿಕ್ಕಿದ್ದೇ ಹತ್ತು ದಿನ. ಒಂದು ಒಳ್ಳೆಯ ಚೀಟಿ ಬರೆದು ಕೊಡಿ ಅಕ್ಕ."

"ಒಳ್ಳೆಯದೋ ಕೆಟ್ಟದೋ, ಬಾಟಲಿ ಹೇಳಬೇಕು" ಎಂದು ಆಗಲೇ ಅವರ ಮನೆಗೆ ಹೋದೆ.

ನನ್ನ ಬಾಟಲಿ ಸಣ್ಣದು. ತಳದಲ್ಲಿ ಒಣಗಿದ ಹಳದಿ ಮದ್ದು ಇರುತ್ತದೆ. ನೀರು ತುಂಬಿಸಿ ಎರಡು ದಿನ ಬೆಚ್ಚಗೆ ಇಡಬೇಕು. ಕಪ್ಪಾದರೆ ನೀರಿಗೆ ಹೊಲಸು ಸೇರಿದೆ ಎಂದು ಅರ್ಥ. ಎರಡು ದಿನ ಎಂದರೆ ಬುಧವಾರ. ಪೊರ್ಬುಗಳು ಬೆರಳು ಮಡಚಿ ಎಣಿಸಿದರು. ಮುನ್ನೂರು ಜನರಲ್ಲಿ ಹತ್ತು ಜನರಿಗೆ ವಾಂತಿ ಭೇದಿ ಶುರುವಾದರೆ ಮದುವೆಯೂ ಹೋಯಿತು, ಮರ್ಯಾದೆಯೂ ಹೋಯಿತು. ನನ್ನ ಚೀಟಿಯ ಗತಿಯೂ ಅದೇ.

ಬಾಟಲಿಯನ್ನು ಬಾಯಮ್ಮನ ಕೈಗೆ ಕೊಟ್ಟು, "ಮುಚ್ಚಳ ತೆಗೆಯಬೇಡಿ, ಈಗ ಬಂದೆ" ಎಂದು ಪಕ್ಕದ ಮನೆಯ ಬಾವಿ ನೋಡಲು ಹೋದೆ. ಹತ್ತು ನಿಮಿಷ ಬಿಟ್ಟು ಬಂದಾಗ ಬಾಟಲಿ ಫಳಫಳ ಹೊಳೆಯುತ್ತಿತ್ತು. ಒಳಗೆ ನೀರೂ ಇತ್ತು.

"ಎಂತ ಬಾಯಮ್ಮ ಇದು?"

"ನೀವು ತಂದ ಬಾಟಲಿಯ ತಳದಲ್ಲಿ ಎಂತದ್ದೋ ಹಳದಿ ಕೊಳೆ ಹಿಡಿದಿತ್ತು ಅಲ್ವಾ. ನಮ್ಮ ಮನೆಯಿಂದ ಹೊರಗೆ ಹೋಗುವ ವಸ್ತು ಹಾಗೆ ಇರಬಾರದು. ಬ್ರಷ್ ಹಾಕಿ ಉಜ್ಜಿದೆ." ಆಮೇಲೆ ದನಿ ತಗ್ಗಿಸಿ, "ನೀರು ಕುದಿಸಿ ಹಾಕಿದ್ದೇನೆ. ಸ್ವಲ್ಪ ಲಾವಂಚವೂ ಉಂಟು" ಎಂದರು.

ಮೇಷ್ಟ್ರ ಆಮೆ

ಎರಡನೆಯ ಬಾಟಲಿಗೆ ನಾನೇ ನಿಂತು ನೀರು ತುಂಬಿಸಿದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಾತ್ರ ತಮ್ಮ ಬಾವಿಯನ್ನು ಮುಟ್ಟಲಿಕ್ಕೇ ನನ್ನನ್ನು ಬಿಡಲಿಲ್ಲ.

"ನಮ್ಮದಕ್ಕೆ ಪರೀಕ್ಷೆ ಬೇಡ. ಬಾವಿಯಲ್ಲಿ ಆಮೆ ಉಂಟು. ಇಪ್ಪತ್ತು ವರ್ಷದಿಂದ ಅದೇ ನೀರು ಕುಡಿಯುತ್ತಿದೆ. ನೆರೆ ಬಂದು ಹೋದ ಮೇಲೂ ಗಟ್ಟಿಮುಟ್ಟಾಗಿದೆ. ನಿಮ್ಮ ಬಾಟಲಿಗಿಂತ ಅದು ಹೆಚ್ಚು ತಿಳಿದದ್ದು."

"ಸರಿ ಮೇಷ್ಟ್ರೇ. ಆ ಆಮೆ ಬೆಳಿಗ್ಗೆ ಎದ್ದು ಹೊರಗೆ ಬಯಲಿಗೆ ಹೋಗುವುದನ್ನು ನೀವು ಯಾವತ್ತಾದರೂ ನೋಡಿದ್ದೀರಾ?"

ಮೇಷ್ಟ್ರು ಬಹಳ ಹೊತ್ತು ಬಾವಿಗೆ ಬಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ ತಾವು ಕುಡಿಯುತ್ತಿದ್ದ ಲೋಟದ ನೀರನ್ನು ಅಂಗಳಕ್ಕೆ ಚೆಲ್ಲಿದರು.

ಬಸ್ಸಿನಲ್ಲಿ

ನೆರೆಯಿಂದಾಗಿ ಎಲ್ಲ ಕಡೆ ಕರೆಂಟ್ ಹೋಗಿತ್ತು. ಬಾಟಲಿಗಳನ್ನು ಬೆಚ್ಚಗೆ ಇಡುವುದು ಹೇಗೆ? ಮೈಯ ಬಿಸಿ ಸಾಕಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಪೊರ್ಬುಗಳ ಬಾವಿಯದೊಂದು, ಕೊನೆಗೆ ಮೇಷ್ಟ್ರೇ ತುಂಬಿಸಿ ಕೊಟ್ಟದ್ದೊಂದು, ಎರಡೂ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿ, ಸೆರಗು ಹೊದ್ದು ಉಡುಪಿ ಬಸ್ಸು ಹತ್ತಿದೆ. ನೂಕುನುಗ್ಗಲು. ಒಂದು ಬಾಟಲಿ ಒಡೆದರೆ ಮತ್ತೆ ಮೊದಲಿನಿಂದ ಎರಡು ದಿನ, ಆಗ ಶನಿವಾರ ಕೈತಪ್ಪಿದ ಹಾಗೆಯೇ. ಎರಡೂ ಕೈಯಿಂದ ಸೊಂಟ ಹಿಡಿದು ನಿಂತಿದ್ದೆ.

ಕಂಡಕ್ಟರ್ ಬಂದ. "ಅಕ್ಕ, ಸೆರಗಿನೊಳಗೆ ಎಂತ ಅದು?"

"ಕಾಪುವಿನ ಎರಡು ಬಾವಿ."

ಅವನು ನನ್ನ ಮುಖ ನೋಡಿದ, ಸೊಂಟ ನೋಡಿದ. "ಸೀಟಿನಲ್ಲಿ ಕೂರಿಸಿದರೆ ಮಾತ್ರ ಬಾವಿಗೆ ಟಿಕೆಟು" ಎಂದು ಮುಂದೆ ಹೋದ.

ನೆಂಟರ ಲೆಕ್ಕ

ಬುಧವಾರ ಬೆಳಿಗ್ಗೆ ಎರಡು ಬಾಟಲಿಗಳೂ ಕಾಡಿಗೆಯ ಹಾಗೆ ಕಪ್ಪು. ಪೊರ್ಬುಗಳು ಪರ್ಕಳಕ್ಕೇ ಬಂದಿದ್ದರು. ಬಾಟಲಿ ನೋಡಿ ಬಾಗಿಲು ಎಳೆದುಕೊಂಡು ಕುಳಿತರು.

"ಇದನ್ನು ಯಾರಿಗೂ ತೋರಿಸುವುದು ಬೇಡ ಮಾರಾಯ್ತಿ. ಒಂದು ಚೀಟಿ. ನಿಮ್ಮ ಕೈಯಲ್ಲಿ ಬರೆದ ನಾಲ್ಕು ಅಕ್ಷರ, ಅಷ್ಟೇ. ಬೀಗರು ಕೇಳುತ್ತಿದ್ದಾರೆ."

"ಆ ನಾಲ್ಕು ಅಕ್ಷರ ಕಲಿಯಲಿಕ್ಕೆ ನಾನು ಪಟ್ಟ ಪಾಡು ನಿಮಗೆ ಗೊತ್ತಿಲ್ಲ ಪೊರ್ಬುಗಳೇ. ಸುಳ್ಳು ಬರೆಯಲಿಕ್ಕೆ ಕಲಿತದ್ದಲ್ಲ."

ಅವರು ಕೊಡೆಯನ್ನೂ ಮರೆತು ಎದ್ದು ಹೋದರು. ಆ ಓಣಿಯಲ್ಲಿ ಹನ್ನೊಂದು ಬಾವಿ. ಉಳಿದವರೆಲ್ಲ ಸಂಜೆಯೊಳಗೆ ಫೋನ್ ಮಾಡಿ "ನಮ್ಮದು ನೋಡುವುದು ಬೇಡ" ಎಂದರು.

ಗುರುವಾರ ಪೊರ್ಬುಗಳು ಮತ್ತೆ ಬಂದರು, ಒಂದು ಸೀಸೆಯಲ್ಲಿ ನೀರು ಹಿಡಿದುಕೊಂಡು, ಮುಖ ಅರಳಿಸಿಕೊಂಡು. "ಈಗ ನೋಡಿ, ಬ್ಲೀಚಿಂಗ್ ಪೌಡರ್ ಹಾಕಿದೆ. ಇನ್ನು ಕಪ್ಪಾಗಲಿ ನೋಡುವ!"

ಮುಚ್ಚಳ ತೆಗೆದದ್ದೇ ತಡ, ನನ್ನ ಕಣ್ಣಿನಲ್ಲಿ ನೀರು ಬಂತು. "ಎಷ್ಟು ಹಾಕಿದಿರಿ? ಬಾವಿಯ ಸಿಮೆಂಟ್ ರಿಂಗ್ ಎಣಿಸಿ, ನೀರೆಷ್ಟು ಉಂಟು ಎಂದು ಲೆಕ್ಕ ಹಾಕಬೇಕು."

"ರಿಂಗ್ ಎಂತಕ್ಕೆ? ಕುಡಿಯುವುದು ಜನ ಅಲ್ವಾ? ಒಬ್ಬರಿಗೆ ಒಂದು ಚಮಚದ ಹಾಗೆ ಮುನ್ನೂರು ಚಮಚ ಹಾಕಿದೆ." ಸ್ವಲ್ಪ ಯೋಚಿಸಿ ಸೇರಿಸಿದರು: "ಕರೆಯದೆ ಬರುವವರಿಗೆಂದು ಮತ್ತೆ ಐವತ್ತು."

ರೋಸ್

ಕೊನೆಗೆ ಕಾರ್ಕಳದ ಕಡೆ ಗುಡ್ಡದ ಮೇಲಿನ ಒಂದು ಬಾವಿಯಿಂದ ಟ್ಯಾಂಕರ್ ತರಿಸಲು ಪೊರ್ಬುಗಳನ್ನು ಒಪ್ಪಿಸಿದೆ. ಅಲ್ಲಿಗೆ ನೆರೆ ಮುಟ್ಟಿರಲಿಲ್ಲ, ಹಿಂದಿನ ವಾರವೇ ನಾನು ಅದನ್ನು ಪರೀಕ್ಷೆ ಮಾಡಿದ್ದೆ. ಆದರೆ ಅಡುಗೆಯವರ ಮೇಲೆ ನನಗೆ ನಂಬಿಕೆ ಇರಲಿಲ್ಲ. ಬಾವಿ ಎರಡು ಹೆಜ್ಜೆ ದೂರ, ಟ್ಯಾಂಕರ್ ಗೇಟಿನ ಹೊರಗೆ. ಶನಿವಾರ ಯಾರೂ ಕರೆಯದಿದ್ದರೂ ಹೋದೆ. ಬಾವಿಯ ಹಗ್ಗ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತೆ. ಪೊರ್ಬುಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಚಪ್ಪರದಲ್ಲಿ ಹಾಡು, ಬ್ಯಾಂಡು. ಒಬ್ಬೊಬ್ಬರೇ ಹೋಗಿ ಮದುಮಗಳ ತಲೆಗೆ ತೆಂಗಿನ ಹಾಲು ಹಾಕುತ್ತಿದ್ದರು. ಅಡುಗೆಯವನು ಎರಡು ಸಲ ಕೊಡಪಾನ ಹಿಡಿದು ನನ್ನ ಹತ್ತಿರ ಬಂದ, ಎರಡು ಸಲವೂ ವಾಪಸು ಹೋದ. ಮುಖ ಬಿಗಿದು ಅಲುಗಾಡದೆ ಕುಳಿತ ನನ್ನನ್ನು ನೆಂಟರೊಬ್ಬರು ದೂರದಿಂದ ನೋಡುತ್ತಲೇ ಇದ್ದರು. ಸ್ವಲ್ಪ ಹಾಕಿಕೊಂಡಿದ್ದರು ಕಾಣುತ್ತದೆ. "ಪಾಪ, ಇವರು ಮದುಮಗನ ಕಡೆಯವರು, ಸಿಟ್ಟಿನಲ್ಲಿದ್ದಾರೆ, ತಲೆ ತಣ್ಣಗಾಗಲಿ" ಎಂದು ಒಂದು ಚೊಂಬು ತೆಂಗಿನ ಹಾಲು ತಂದು ನನ್ನ ತಲೆಗೆ ಸುರಿದೇಬಿಟ್ಟರು. ಅವರ ಹಿಂದೆ ಸಾಲು ಹತ್ತಿತು. ಕೊನೆಗೆ ಬಂದದ್ದು ಬಾಯಮ್ಮ. ನಗು ತಡೆಯಲಾರದೆ ಅವರೂ ಒಂದು ಚೊಂಬು ಸುರಿದರು.

ತುಂಬಿದ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದೇನೆ, ತಲೆ ತೊಳೆಯಲಿಕ್ಕೆ ಒಂದು ತಂಬಿಗೆ ನೀರಿಲ್ಲ!

ಮುನ್ನೂರ ಐವತ್ತು ಜನರಲ್ಲಿ ಒಬ್ಬರಿಗೂ ಹೊಟ್ಟೆ ಕೆಡಲಿಲ್ಲ. ಮುಂದಿನ ವಾರ ಆ ಓಣಿಯ ಹನ್ನೊಂದು ಬಾವಿಯವರೂ ಫೋನ್ ಮಾಡಿದರು. ಮೊದಲು ಮಾಡಿದ್ದು ಪೊರ್ಬುಗಳು.

ಈಗ ಪರ್ಕಳದ ಆ ಕೋಣೆ ನನ್ನ ಹೆಸರಿನಲ್ಲೇ ಉಂಟು. ಕರೆಂಟ್ ಹೋದರೂ ಬಿಸಿ ಆರದ ಪೆಟ್ಟಿಗೆ ಒಂದು, ಸ್ಕೂಟರ್ ಒಂದು, ಕಪಾಟು ತುಂಬ ಪುಸ್ತಕ. ಅದಕ್ಕೆ ನಾನು ಕೊಟ್ಟದ್ದು ತಾಯಿಯ ಎರಡು ಬಳೆ ಮತ್ತು ನೆಟ್ಟಗಿದ್ದ ಒಂದು ಬೆನ್ನು. ಮತ್ತೊಂದೂ ಉಂಟು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಕ್ರಮ. ಈಗ ಕಾಪುವಿನಿಂದ ಕಾರ್ಕಳದವರೆಗೆ ಯಾವ ಮನೆಯ ಮೆಟ್ಟಿಲು ಹತ್ತಿದರೂ ನನ್ನ ಮುಂದೆ ಬರುವುದು ಬೆಲ್ಲ ಮಾತ್ರ.