ಬಾತುಕೋಳಿ ಕಚ್ಚದ ಪಾತ್ರೆ

ನಮ್ಮ ಮುತ್ತಜ್ಜ ಬೆರಳ ಗೆಣ್ಣಿನಿಂದ ಕೊಡಕ್ಕೊಂದು ಏಟು ಕೊಟ್ಟು, ದನಿ ಕೇಳಿ, ಅದು ಎಂದು ತೂತು ಬೀಳುತ್ತದೆ ಎಂದು ಹೇಳಿಬಿಡುತ್ತಿದ್ದನಂತೆ. ಅವನು ಸಂತೆಗೆ ಕಾಲಿಟ್ಟರೆ ಪಾತ್ರೆ ಮಾರುವವರು ಹೊಟ್ಟೆನೋವೆಂದು ಎದ್ದು ಹೋಗುತ್ತಿದ್ದರು. ಅವನ ಮಗ, ನಮ್ಮಜ್ಜ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬರೀ ನಾಲಿಗೆ ತಾಗಿಸಿ ತಾಮ್ರ ಯಾವುದು, ಹಿತ್ತಾಳೆ ಯಾವುದು ಎಂದು ಹೇಳಿ ಪಂದ್ಯ ಗೆದ್ದವನು. ಇನ್ನು ನಮ್ಮಪ್ಪ, ತನ್ನ ಮದುವೆಯಲ್ಲಿ ಮಾವ ಕೊಟ್ಟ ಚೊಂಬನ್ನು ಎಲ್ಲರೆದುರು ಬಡಿದು, ದನಿ ಸೊಟ್ಟಗಿದೆ ಎಂದು ಹಿಂದಿರುಗಿಸಿದ ಮಹಾಶಯ. ಆ ಮಾವ ಸಾಯುವವರೆಗೂ ನಮ್ಮ ಮನೆಯಲ್ಲಿ ತೊಟ್ಟು ನೀರು ಕುಡಿಯಲಿಲ್ಲ.

ಇಂಥ ಲೋಹಪಂಡಿತರ ವಂಶದ ಕುಡಿ ನಾನು! ಶಾಲೆಯ ಕಡೆ ತಲೆಹಾಕಿಯೂ ಮಲಗಿದವನಲ್ಲ. ಕಲಿತದ್ದೆಲ್ಲ ಕಣ್ಣಿನಿಂದ, ಕಿವಿಯಿಂದ, ಮತ್ತು ಬೇರೆಯವರ ತಪ್ಪಿನಿಂದ.

ನಮ್ಮ ಹಳೆಯ ಗ್ಯಾಸ್ ಒಲೆ ಮನೆ ಬಿಟ್ಟು, ಅದರ ಜಾಗದಲ್ಲಿ ಬೆಂಕಿಯೇ ಕಾಣದ ಇಂಡಕ್ಷನ್ ಒಲೆ ಬಂದು ಕೂತಿತ್ತು. ಅದಕ್ಕೆ ನಮ್ಮ ಪಾತ್ರೆಗಳಲ್ಲಿ ಕೆಲವು ಹಿಡಿಸುತ್ತಿದ್ದವು, ಕೆಲವು ಹಿಡಿಸುತ್ತಿರಲಿಲ್ಲ. ಹೊಸ ಸ್ಟೀಲ್ ಸೆಟ್ ಬೇಕೆಂದು ಹೆಂಡತಿ ಹೇಳಿದ ದಿನವೇ ಮಧ್ಯಾಹ್ನ ಮಗಳ ಮಾವ, ಅಂದರೆ ನಮ್ಮ ಬೀಗರು, ಊಟಕ್ಕೆ ಬರುವವರಿದ್ದರು. ಹೋದ ಸಲ ಅವರ ಮನೆಯಲ್ಲಿ ಅವರು ಅನ್ನಕ್ಕಿಂತ ಹೆಚ್ಚಾಗಿ ಬಡಿಸಿದ್ದು, ತಾವು ಅಗ್ಗಕ್ಕೆ ಹೊಡೆದುಕೊಂಡು ಬಂದ ಪಾತ್ರೆ ಸೆಟ್ಟಿನ ಕಥೆಯನ್ನು. ಬೇಡವೆಂದರೂ ಇನ್ನೊಂದು ಸೌಟು ಸುರಿದರು. ಅವರದಕ್ಕಿಂತ ಅಗ್ಗದ, ಅವರದಕ್ಕಿಂತ ಗಟ್ಟಿಯಾದ ಸೆಟ್ ತಂದು, ಅದರಲ್ಲೇ ಬೇಯಿಸಿ ಬಡಿಸದಿದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ ಎಂದು ಘೋಷಿಸಿದೆ.

ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಕಚ್ಚಿಕೊಂಡಿದ್ದ ಬಾತುಕೋಳಿ ಆಕಾರದ ಆಯಸ್ಕಾಂತವನ್ನು ಕಿತ್ತು ನನ್ನ ಜೇಬಿಗೆ ಹಾಕಿದಳು.

"ರೀ, ಅಂಟೋ ಪಾತ್ರೆನೇ ನೋಡಿ ತನ್ನಿ. ಅಂಟದೇ ಇರೋದು ಬೇಡ."

ಅನ್ನ ಅಂಟಿತು, ಹಾಲು ಅಂಟಿತು ಎಂದು ಜನ್ಮವಿಡೀ ಪಾತ್ರೆಗಳ ಜೊತೆ ಜಗಳವಾಡಿದವಳು ಈಗ ಅಂಟುವುದೇ ಬೇಕೆನ್ನುತ್ತಾಳೆ! ಆಯಸ್ಕಾಂತ ಅಂಟಿದರೆ ಅದು ಕಬ್ಬಿಣ ಬೆರೆಸಿದ ಕಳಪೆ ಮಾಲು ಎಂಬುದು ನನಗೆ ಗೊತ್ತಿಲ್ಲವೇ? ಪಾಪ, ಬಾಯಿತಪ್ಪಿ ತಿರುವುಮುರುವು ಹೇಳಿದ್ದಾಳೆ, ತಿದ್ದಿ ನೋಯಿಸುವುದೇಕೆ ಎಂದು ದೊಡ್ಡ ಮನಸ್ಸು ಮಾಡಿ ಸುಮ್ಮನಾದೆ. ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಹಳೆಯ ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿದೆ. ಹಳೆಯದು ಕೊಟ್ಟರೆ ಹೊಸದರ ಬೆಲೆ ಇಳಿಯುತ್ತದಲ್ಲ! ಈ ಉಪಾಯ ಬೀಗರ ತಲೆಗೆ ಹೊಳೆದಿರಲಿಕ್ಕಿಲ್ಲ.

ಅಂಗಡಿಯವನು ದಪ್ಪ ತಳದ ಸೆಟ್ಟೊಂದನ್ನು ಮುಂದಿಟ್ಟ. ಬಾತುಕೋಳಿಯನ್ನು ಪಾತ್ರೆಯ ಮೈಗೆ ಹಿಡಿದೆ, ಜಾರಿತು. ತಳಕ್ಕೆ ಹಿಡಿದೆ, ಟಕ್ಕನೆ ಕಚ್ಚಿತು. ಮೇಲೆ ಸಾಚಾ, ತಳದಲ್ಲಿ ಕಳ್ಳತನ! ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಅವನ ಮಾನ ಹರಾಜು ಹಾಕಿದೆ. ಅವನು ತಲೆ ಕೆರೆದುಕೊಂಡ.

"ಯಜಮಾನ್ರೇ, ಮನೇಲಿ ಒಲೆ ಯಾವುದು?"

"ನಾನು ಪಾತ್ರೆ ಕೊಳ್ಳೋಕೆ ಬಂದೋನು. ಒಲೆ ವಿಚಾರ ನಿನಗ್ಯಾಕಯ್ಯ?"

ಅವನು ಬೇರೆ ಸೆಟ್ಟುಗಳನ್ನು ಇಳಿಸಿ ಸಾಲಾಗಿ ಇಟ್ಟ. ಮೇಲೂ ಕೆಳಗೂ ಬಾತುಕೋಳಿ ಎಲ್ಲೂ ಕಚ್ಚದ, ಬಡಿದರೆ ಗಂಟೆಯಂತೆ ಮೊಳಗುವ ಸೆಟ್ಟೊಂದನ್ನು ಆರಿಸಿದೆ. ಹಳೆಯ ಪಾತ್ರೆಗಳನ್ನು ಅವನ ತಕ್ಕಡಿಗೆ ಸುರಿದೆ. ಹಿಡಿ ಮುರಿದ ಒಂದು ಕಬ್ಬಿಣದ ಬಾಣಲೆ ಮಾತ್ರ ಬೇಡವೆಂದು ಅವನು ಹಿಂದಕ್ಕೆ ತಳ್ಳಿದ. ಅದನ್ನು ಬೈಯುತ್ತಲೇ ಹೊತ್ತು ತಂದೆ.

ಹೆಂಡತಿ ಹೊಸ ಪಾತ್ರೆಗೆ ಅಕ್ಕಿ, ನೀರು ಹಾಕಿ ಒಲೆಯ ಮೇಲಿಟ್ಟಳು. ಒಲೆ ಕೀಂ ಎಂದು ಕೂಗಿ ಆರಿತು. ಇನ್ನೊಂದು ಪಾತ್ರೆ ಇಟ್ಟಳು. ಕೀಂ. ಅವಳು ಕೈ ಚಾಚಿ ಬಾತುಕೋಳಿಯನ್ನು ಕೇಳಿ ಪಡೆದು ಪಾತ್ರೆಯ ತಳಕ್ಕೆ ಹಿಡಿದಳು. ಅದು ಜಾರಿ ನನ್ನ ಪಾದದ ಮೇಲೆ ಬಿತ್ತು.

"ಈ ಒಲೆಗೆ ಆಯಸ್ಕಾಂತ ಅಂಟೋ ತಳಾನೇ ಬೇಕು ರೀ. ಅದಕ್ಕೇ ಅಲ್ವಾ ಹೇಳಿ ಕಳಿಸಿದ್ದು? ಹೋಗ್ಲಿ, ಹಳೇವು ಎಲ್ಲಿ?"

ಹಳೆಯವು ಎಲ್ಲಿವೆ ಎಂದು ಹೇಳಿದೆ. ಅವಳು ಗಡಿಯಾರದ ಕಡೆ ಬೆರಳು ತೋರಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂಗಡಿಗೆ ಓಡಿದೆ, ಮಧ್ಯಾಹ್ನದ ಬೀಗ ಹಾಕಿತ್ತು. ಮನೆಗೆ ಓಡಿಬಂದೆ, ಬಾಗಿಲಲ್ಲಿ ಬೀಗರು ನಿಂತಿದ್ದರು.

ಕೊನೆಗೆ ಮಾನ ಕಾಪಾಡಿದ್ದು ಆ ಮುರುಕು ಬಾಣಲೆ. ಒಲೆಗೆ ಅದೊಂದೇ ಮೆಚ್ಚುಗೆಯಾಯಿತು. ಅನ್ನವೂ ತರಕಾರಿಯೂ ಅದರಲ್ಲೇ ಒಟ್ಟಿಗೆ ಬೆಂದವು, ಒಟ್ಟಿಗೇ ಸೀದವು. ಬೀಗರು ಮರ್ಯಾದಸ್ಥರು, ಹೆಂಡತಿ ಹೇಳಿದ ಹೊಸ ಪಾತ್ರೆಯ ಕಥೆ ಕೇಳುತ್ತ, ಕರಿ ತುಣುಕುಗಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತ ಉಂಡರು. ಕೈ ತೊಳೆದು ಬಂದು, ಷೆಲ್ಫಿನಲ್ಲಿ ಫಳಫಳಿಸುತ್ತಿದ್ದ ಹೊಸ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಥೇಟ್ ನಮ್ಮ ಮುತ್ತಜ್ಜನಂತೆ ಕಿವಿಗೊಟ್ಟರು.

"ದನಿ ಭರ್ಜರಿಯಾಗಿದೆ ಬೀಗರೇ. ಬೇಯಿಸೋಕೆ ಆಗದಿದ್ರೂ ಬಾರಿಸೋಕೆ ಆಗುತ್ತೆ."

ನಾನು ಸಿಂಕಿನ ಮುಂದೆ ನಿಂತು ಬಾಣಲೆ ಉಜ್ಜತೊಡಗಿದೆ. ಅನ್ನ ತಳಕ್ಕೆ ಕಚ್ಚಿಕೊಂಡ ರೀತಿಗೆ ಬಾತುಕೋಳಿಯೂ ನಾಚಬೇಕು. ತಮ್ಮ ಮನೆಯಲ್ಲಿ ಇನ್ನೊಂದು ಸೆಟ್ ಹೆಚ್ಚಿಗೆ ಇದೆ, ಸಂಜೆಯೇ ಕಳಿಸುತ್ತೇನೆ ಎಂದು ಬೀಗರು ಬೆನ್ನ ಹಿಂದಿನಿಂದ ಹೇಳಿದರು. ಹೆಂಡತಿ ನಗು ನುಂಗಿಕೊಂಡು ಪಕ್ಕಕ್ಕೆ ಬಂದಳು.

"ಕೊಡಿ ಇಲ್ಲಿ, ನಾನು ಉಜ್ತೀನಿ."

"ನಿನ್ನ ಕೈಯೂ ಬೇಡ, ಅವರ ಸೆಟ್ಟೂ ಬೇಡ. ಅಂಟಿಸಿಕೊಂಡೋನು ನಾನು, ಬಿಡಿಸಿಕೊಳ್ಳೋನೂ ನಾನೇ."